ಖಾಲಿ ಬಿಟ್ಟ ಮೂಲೆ

೪ ಮೇ ೨೦೨೪, ಶನಿವಾರ

ಬೈಯುವುದಕ್ಕೆ ಇಲ್ಲಿ ನನಗೆ ಯಾರೂ ಇಲ್ಲ. ಕಮಲಾಪುರದ ಮನೆಯಲ್ಲಾದರೆ ಸೊಸೆ ಇದ್ದಾಳೆ, ಕೆಲಸದ ನಿಂಗಕ್ಕ ಇದ್ದಾಳೆ, ಯಾರೂ ಇಲ್ಲದಿದ್ದರೆ ಹಾಲಿನವನಾದರೂ ಬರುತ್ತಾನೆ. ಇಲ್ಲಿ ಇರುವವಳು ಮೊಮ್ಮಗಳು ಶ್ರೀವಾಣಿ ಒಬ್ಬಳೇ. ಅವಳ ಜೊತೆ ಮಧ್ಯಾಹ್ನದಿಂದ ಮಾತು ಬಿಟ್ಟಿದ್ದೇನೆ. ಅದಕ್ಕೇ ಈ ನೋಟ್‌ಬುಕ್ಕು. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ಎಂಬತ್ತೊಂದು ತೆಗೆದವಳು ನಾನು. ಬರೆಯಲು ಬರದೇ ಇರುವವಳಲ್ಲ.

ಶ್ರೀವಾಣಿ ಹಳೆಯ ಕಲ್ಲಿನ ಕಟ್ಟಡಗಳನ್ನು ಕಾಪಾಡುವ ವಿದ್ಯೆ ಕಲಿಯಲು ಜರ್ಮನಿಯ ಈ ಟ್ರಿಯರ್ ಎಂಬ ಊರಿಗೆ ಬಂದು ಎಂಟು ತಿಂಗಳಾಯಿತು. "ಅಜ್ಜಿ, ಮೂರು ವಾರ ಬಂದು ಹೋಗ್ರಿ. ರೋಮಿನವರು ಕಟ್ಟಿದ ಊರು, ನಮ್ಮ ಹಂಪಿಗಿಂತ ಹಳೇದು" ಎಂದು ಫೋನಿನಲ್ಲಿ ಜೀವ ತಿಂದಳು. ಹಂಪಿಗಿಂತ ಹಳೆಯದು ಎಂದದ್ದಕ್ಕೇ ನಾನು ಹೊರಟದ್ದು. ಅದೆಂಥ ಹಳೆಯದು ನೋಡಿಯೇ ಬಿಡೋಣ ಎಂದು.

ವಿಮಾನ, ಆಮೇಲೆ ಮೂರು ತಾಸು ಬಸ್ಸು. ದ್ರಾಕ್ಷಿತೋಟದ ಕೆಳಗಿನ ಒಂದು ಮನೆಯ ಮುಂದೆ ನಿಂತೆವು. "ನಾನು ಬಾಡಿಗೆಗೆ ಇರೋ ಮನಿ ಅಜ್ಜಿ" ಎಂದು ಶ್ರೀವಾಣಿ ನೆಲ ನೋಡುತ್ತ ಹೇಳಿದಳು. ಬಾಗಿಲು ತೆರೆಯಿತು. ತೆರೆದವಳು ಹೆಲ್ಗಾ.

"ಬರ್ರಿ ಅಕ್ಕಾರ. ಒಳಗ ಬರ್ರಿ. ಭಾಳ ದಿನ ಆತು" ಎಂದಳು ಆ ಹೆಂಗಸು. ನಮ್ಮ ಬಜಾರಿನಲ್ಲಿ ಕಲಿತ ಮಾತು, ಒಂದಿಷ್ಟೂ ಮರೆತಿಲ್ಲ. ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನ ಮುಖ ನೋಡದೆ ಕಿವಿಯ ಕಡೆ ನೋಡುತ್ತ ಮಾತಾಡಿದಳು. ಅಪರಾಧಿಗಳು ಹಾಗೆಯೇ ನೋಡುವುದು.

ಹಂಪಿ ಬಜಾರಿನ ಕಲ್ಲುಮಂಟಪವೊಂದರಲ್ಲಿ ನಾನು ಇಪ್ಪತ್ತೆಂಟು ವರ್ಷ ಖಾನಾವಳಿ ನಡೆಸಿದವಳು. ಮನೆ, ಒಲೆ, ಸಂಸಾರ ಎಲ್ಲಾ ಅಲ್ಲೇ. ಹೆಲ್ಗಾ ಪ್ರತಿ ಚಳಿಗಾಲಕ್ಕೆ ಬಂದು ಹಂಪಿಯ ಕಲ್ಲು ಕಲ್ಲಿಗೂ ಟೇಪು ಹಿಡಿದು ನಕ್ಷೆ ಬರೆಯುತ್ತಿದ್ದಳು. ಜನ ಅಳತೆಯಮ್ಮ ಎನ್ನುತ್ತಿದ್ದರು. ಹದಿನಾಲ್ಕು ಚಳಿಗಾಲ ನನ್ನ ಕೈಯ ಅನ್ನ ಉಂಡಳು. ೨೦೧೧ರಲ್ಲಿ ಬಜಾರಿನ ಮಂಟಪಗಳನ್ನು ತೆರವು ಮಾಡಬೇಕು ಎಂದಾಗ ಸರ್ಕಾರಿ ಆಫೀಸಿನ ಮೇಜಿನ ಮೇಲೆ ನಾನು ಕಂಡದ್ದು ಅವಳ ನಕ್ಷೆ. ಹಳೆಯ ಕಲ್ಲಿಗೆ ಕಪ್ಪು ಗೆರೆ, ನಾವು ಸೇರಿಸಿದ್ದಕ್ಕೆಲ್ಲ ಕೆಂಪು ಗೆರೆ. ನನ್ನ ಮನೆಯ ತುಂಬ ಕೆಂಪು. ಆ ವರ್ಷ ಕಮಲಾಪುರಕ್ಕೆ ಮಾತಾಡಿಸಲು ಬಂದವಳನ್ನು ಹೊಸ್ತಿಲಲ್ಲೇ ನಿಲ್ಲಿಸಿ, ನಿನ್ನ ಮನೆಯ ನೀರು ಸಹ ಈ ಜನ್ಮದಲ್ಲಿ ಮುಟ್ಟುವುದಿಲ್ಲ ಎಂದು ಹೇಳಿ ಬಾಗಿಲು ಹಾಕಿದ್ದೆ.

ಈಗ ಅವಳ ಮನೆಯ ಮಾಳಿಗೆಯಲ್ಲಿ ಕುಳಿತು ಬರೆಯುತ್ತಿದ್ದೇನೆ.

"ಊರಾಗ ಬ್ಯಾರೆ ಮನಿ ಸಿಗಲಿಲ್ಲೇನು ನಿನಗ?" ಎಂದು ಶ್ರೀವಾಣಿಯನ್ನು ಕೇಳಿದೆ.

"ಹೇಳಿದ್ರ ನೀವು ವಿಮಾನ ಹತ್ತತಿದ್ರೇನು ಅಜ್ಜಿ?"

ಇವತ್ತು ಏಕಾದಶಿಯಾದ್ದರಿಂದ ಮಾನ ಉಳಿಯಿತು. ಹೆಲ್ಗಾ ಊಟಕ್ಕೆ ಕರೆದಳು, ಉಪವಾಸ ಎಂದೆ.

೫ ಮೇ, ಭಾನುವಾರ

ಬೆಳಿಗ್ಗೆ ಬೇಗ ದ್ವಾದಶಿಯ ಪಾರಣೆ ಆಯಿತು. ಮಾಳಿಗೆಯಲ್ಲಿ ಶ್ರೀವಾಣಿಗೆಂದೇ ಒಂದು ಕರೆಂಟಿನ ಒಲೆ ಇದೆ. ಊರಿನಿಂದ ತಂದ ನನ್ನ ಪಾತ್ರೆ, ನನ್ನ ಅಕ್ಕಿ, ನನ್ನ ಸಾರಿನ ಪುಡಿ. ನೀರು ನಳದ್ದು. ನಳದ ನೀರು ಊರಿನದಾಯಿತು, ಅವಳದ್ದಲ್ಲ. ಇದನ್ನು ಯೋಚಿಸಿಯೇ ಬಳಸಿದ್ದೇನೆ.

ಉಂಡ ಮೇಲೆ ಶ್ರೀವಾಣಿ ನನ್ನ ಕಾಲ ಬಳಿ ಕುಳಿತಳು. ಏನೋ ಕೇಳುವುದಿದ್ದಾಗ ಅವಳು ಹಾಗೆ ಕೂರುವುದು, ಐದು ವರ್ಷದವಳಿದ್ದಾಗಿನಿಂದ.

"ಹೆಲ್ಗಾ ಅಜ್ಜಿ ಕಣ್ಣು ಹೋಗಾಕತ್ತಾವ. ನಡುವಿನ ನೋಟ ಹೋಗೇತಿ, ಬದಿಯಿಂದ ಅಷ್ಟ ಕಾಣ್ತದ. ಚಳಿಗಾಲದ ಹೊತ್ತಿಗೆ ಗೆರಿ ಕಾಣಂಗಿಲ್ಲ ಅಂತ ಡಾಕ್ಟ್ರು ಹೇಳ್ಯಾರ."

ಅದಕ್ಕೇ ಕಿವಿಯ ಕಡೆ ನೋಡಿದ್ದು ಎಂದು ತಿಳಿಯಿತು.

"ಅವರ ಹಂಪಿ ನಕ್ಷೆ ಎಲ್ಲಾ ಇಲ್ಲಿನ ಸಂಗ್ರಹಾಲಯಕ್ಕ ಹೋಗ್ತಾವ. ಒಂದು ಹಾಳಿ ಮುಗಿದಿಲ್ಲ. ನಮ್ಮ ಮಂಟಪದ್ದು. ಒಂದು ಮೂಲಿ ಖಾಲಿ ಐತಿ. ಅದನ್ನ ಮುಗಿಸೋದ ನನ್ನ ಈ ವರ್ಷದ ಕೆಲಸ, ಅದರ ಮ್ಯಾಲ ನನ್ನ ಪರೀಕ್ಷಿ. ಆ ಮೂಲಿ ನನಗ ಸರಿಯಾಗಿ ನೆನಪಿಲ್ಲ, ಹೆಲ್ಗಾ ಅಜ್ಜಿ ನಿಮ್ಮನ್ನ ಕೇಳು ಅಂತಾರ. ಅಲ್ಲಿ ಏನಿತ್ತು ಅಂತ ಹೇಳಾಕ ನೀವೊಬ್ಬರ ಉಳದೀರಿ ಅಜ್ಜಿ."

"ನಮ್ಮ ಮನಿ ತೆಗಸಿದ ಹಾಳಿ ನಾನು ಮುಗಿಸಿಕೊಡಬೇಕೇನು?"

"ಅಜ್ಜಿ..."

"ಕುಕ್ಕರ್ ತೊಳಿ ಹೋಗು."

ತೊಳೆದಳು. ಜೋರಾಗಿ ಸದ್ದು ಮಾಡುತ್ತ ತೊಳೆದಳು. ಆ ಸಿಟ್ಟು ನನ್ನಿಂದಲೇ ಬಂದದ್ದು.

೭ ಮೇ, ಮಂಗಳವಾರ

ಊರಿನ ಕರಿಬಾಗಿಲು ನೋಡಿ ಬಂದೆವು. ಕೋಟೆಯ ದ್ವಾರ. ಮೂರು ಅಂತಸ್ತು, ಸಾಲಾಗಿ ಕಮಾನು ಕಿಟಕಿಗಳು. ಕಲ್ಲು ಮೊದಲು ಬಿಳಿಯದಂತೆ, ಹೊಗೆಗೆ, ಮಳೆಗೆ ಕಪ್ಪಾಗಿದೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿದ್ದಾರೆ. ಕೆಲಸ ಒಳ್ಳೆಯದೇ. ಆದರೆ ಒಂದು ಹೂವಿಲ್ಲ, ಒಂದು ಹಂಸವಿಲ್ಲ, ಒಂದು ಕುದುರೆಯಿಲ್ಲ. ನಮ್ಮ ವಿಠ್ಠಲ ದೇವಸ್ಥಾನದ ಒಂದು ಕಂಬದಲ್ಲಿ ಇದಕ್ಕಿಂತ ಹೆಚ್ಚು ಕೆಲಸವಿದೆ. ಶ್ರೀವಾಣಿಗೆ ಹಾಗೆಂದೆ. "ಇದು ಬಾಗಿಲ ಅಜ್ಜಿ, ಗುಡಿ ಅಲ್ಲ" ಎಂದಳು.

ಆದರೆ ಗುಡಿಯೂ ಆಗಿತ್ತಂತೆ. ಒಬ್ಬ ಸಾಧು ತನ್ನನ್ನು ಇದರೊಳಗೆ ಗೋಡೆ ಕಟ್ಟಿಸಿ ಮುಚ್ಚಿಸಿಕೊಂಡು ಬದುಕಿದನಂತೆ. ಅವನು ಸತ್ತ ಮೇಲೆ ಇಡೀ ಬಾಗಿಲನ್ನೇ ಇಗರ್ಜಿ ಮಾಡಿ ಏಳೆಂಟುನೂರು ವರ್ಷ ಪೂಜೆ ನಡೆಸಿದರು. ಆಮೇಲೆ ಫ್ರಾನ್ಸಿನ ದೊರೆ ಬಂದು, ಹಳೆಯ ಬಾಗಿಲೇ ಕಾಣಬೇಕು, ಆಮೇಲೆ ಸೇರಿಸಿದ್ದೆಲ್ಲ ತೆಗೆಯಿರಿ ಎಂದನಂತೆ. ಈಗ ಒಂದು ಬದಿಯ ಗುಂಡನೆಯ ಗೋಡೆ ಮಾತ್ರ ಉಳಿದಿದೆ. ಎಲ್ಲಾ ಊರಲ್ಲೂ ಇದೇ ಕಥೆಯೇ?

ಕಲ್ಲುಗಳ ಮೈಮೇಲೆ ಅಲ್ಲಲ್ಲಿ ತೂತುಗಳಿವೆ. ಕಲ್ಲಿಗೂ ಕಲ್ಲಿಗೂ ಹಿಡಿತಕ್ಕೆ ಕಬ್ಬಿಣದ ಪಟ್ಟಿ ಕೂರಿಸಿದ್ದರಂತೆ. ಬಡ ಕಾಲದಲ್ಲಿ ಜನ ಅದನ್ನು ಅಗೆದು ತೆಗೆದರಂತೆ.

"ಎಷ್ಟು ಹಾಳು ಮಾಡ್ಯಾರ ನೋಡ್ರಿ" ಎಂದಳು ಶ್ರೀವಾಣಿ.

"ಹಾಳು ಅಂದ್ರ? ಅವರಿಗೆ ಕಬ್ಬಿಣ ಬೇಕಾಗಿತ್ತು, ತಗೊಂಡ್ರು. ಮನ್ಯಾಗ ಸಾಯೋರು ಇದ್ದಾಗ ಕಲ್ಲಿನ ಚಂದ ಯಾರು ನೋಡ್ತಾರ? ಪುಸ್ತಕ ಓದಿ ಮಾತಾಡಬ್ಯಾಡ. ಅದರಾಗ ಇದ್ದು ಬದುಕಿದವರಿಗೆ ಗೊತ್ತು."

ಸುತ್ತಲಿದ್ದ ಜನ ತಿರುಗಿ ನೋಡಿದರು. ಅಷ್ಟು ಜೋರಾಗಿ ಹೇಳುವ ಅಗತ್ಯವಿರಲಿಲ್ಲ. ಮೆಟ್ಟಿಲು ಹತ್ತಿ ದಣಿದಿದ್ದೆ.

೮ ಮೇ

ಮಳೆ. ಮೆಂತ್ಯದ ಹಿಟ್ಟು ಕಲೆಸಿದೆ. ಕೆಳಗಿನವಳು ರೇಡಿಯೋ ಹಚ್ಚಿಕೊಂಡು ಕೂತಿದ್ದಾಳೆ.

೧೦ ಮೇ, ಶುಕ್ರವಾರ

ಅಕ್ಷಯ ತದಿಗೆ. ನಿಂಗಕ್ಕನಿಗೆ ಫೋನು ಮಾಡಿದೆ. ಖಾನಾವಳಿಯ ಕಾಲದಿಂದ ನನ್ನ ಜೊತೆ ಇರುವವಳು, ನನಗೆ ಎದುರು ಮಾತಾಡುವ ಧೈರ್ಯ ಇರುವವಳು ಅವಳೊಬ್ಬಳೇ.

"ಬಿಸಿಲು ಹೆಂಗೈತೆ?"

"ಕಲ್ಲ ಮ್ಯಾಲ ರೊಟ್ಟಿ ಬಡದ್ರ ಬೇಯ್ತೈತ್ರಿ. ನೀವು ತಂಪಾಗಿ ಕುಂತೀರಲ್ಲ, ಅಳತಿಯಮ್ಮನ ಮನ್ಯಾಗ?"

"ಯಾರು ಹೇಳಿದ್ರು ನಿನಗ?"

"ವಾಣಿಯವ್ವ ಹೋದ ವರ್ಸ ಹೇಳಿದ್ಲು. ನಿಮಗೊಬ್ರಿಗೆ ಹೇಳಿರಲಿಲ್ಲ. ಊರಿಗೆಲ್ಲಾ ಗೊತ್ತೈತಿ."

ನನ್ನ ಸೊಸೆ, ಮಗ ಅಚ್ಯುತ, ಕೆಲಸದವಳು, ಎಲ್ಲರಿಗೂ ಗೊತ್ತು. ಮನೆಯ ಯಜಮಾನಿ ನಾನು!

"ಆಕಿಗೆ ಈಗೂ ಸಾರು ಎರಡ ಸಲ ಬೇಕೇನ್ರಿ?" ಎಂದು ನಿಂಗಕ್ಕ ಕೇಳಿದಳು. "ಮೂಗು, ಕಣ್ಣು ಎಲ್ಲಾ ಸೋರಿಸಿಕೊಂತ ಉಣ್ತಿದ್ಲು. ಬ್ಯಾಡ ಅಂದ್ರ ಕೇಳತಿದ್ದಿಲ್ಲ. ಪಾಪ ಆ ಜೀವ."

"ಪಾಪ ಏನು ಬಂತು?"

"ಅಕ್ಕಾರ, ಇಷ್ಟು ವರ್ಸ ಆತು. ನಾನೂ ಆ ಮನ್ಯಾಗ ಇದ್ದಾಕೆ. ನನಗೂ ಕಣ್ಣದಾವ್ರಿ" ಎಂದಳು.

ಕರೆಂಟು ಹೋಯಿತು ಎಂದು ಹೇಳಿ ಇಟ್ಟುಬಿಟ್ಟೆ. ಜರ್ಮನಿಯಲ್ಲಿ ಕರೆಂಟು ಹೋಗುವುದಿಲ್ಲ, ಹೋದರೂ ಫೋನು ಆರುವುದಿಲ್ಲ. ಅದು ಅವಳಿಗೂ ಗೊತ್ತಿರುತ್ತದೆ.

೧೩ ಮೇ, ಸೋಮವಾರ

ರೋಮಿನ ಚಕ್ರವರ್ತಿಯ ಸ್ನಾನದ ಮನೆಯ ಹಾಳುಗಳಿಗೆ ಹೋದೆವು. ಹೆಲ್ಗಾ ತಾನೂ ಬರುತ್ತೇನೆ ಎಂದಳು. ಬೇಡವೆನ್ನಲು ರಸ್ತೆ ನನ್ನದಲ್ಲ.

ಇಟ್ಟಿಗೆಯ ಗೆರೆ ಎದ್ದ ಎತ್ತರದ ಗೋಡೆ, ನೆಲದಡಿ ಮೈಲುಗಟ್ಟಲೆ ಸುರಂಗ. ಬೆಂಕಿ ಹಾಕುವ ಆಳುಗಳು ಅದರಲ್ಲಿ ಓಡಾಡಬೇಕಿತ್ತಂತೆ. ಓಡಾಡಲಿಲ್ಲ. ಇಷ್ಟು ದೊಡ್ಡ ಬಚ್ಚಲು ಕಟ್ಟಿ, ಮುಗಿಸದೆ, ಒಬ್ಬನೂ ಒಂದು ತಂಬಿಗೆ ನೀರು ಹೊಯ್ದುಕೊಳ್ಳಲಿಲ್ಲವಂತೆ. ನಗು ಬಂತು. ಹೆಲ್ಗಾಳೂ ನಕ್ಕಳು. "ನಿಮ್ಮ ಬಚ್ಚಲು ಎರಡು ಮೊಳ ಇತ್ತು ಅಕ್ಕಾರ, ಹನ್ನೊಂದು ಮಂದಿ ಜಳಕ ಮಾಡತಿದ್ರಿ" ಎಂದಳು. ಎರಡು ಮೊಳವೇ. ಸರಿಯಾಗಿ ನೆನಪಿಟ್ಟಿದ್ದಾಳೆ.

ಸುರಂಗದ ಮೆಟ್ಟಿಲಲ್ಲಿ ಅವಳ ಕಾಲು ತಪ್ಪಿತು. ನೆಲದಲ್ಲಿ ನೆರಳು ಎಲ್ಲಿ, ಗುಂಡಿ ಎಲ್ಲಿ ಅವಳಿಗೆ ತಿಳಿಯುವುದಿಲ್ಲ. ನಾನು ತೋಳು ಹಿಡಿದೆ. ಬಿದ್ದು ಕಾಲು ಮುರಿದುಕೊಂಡರೆ ನಾಳೆ ನಮ್ಮ ಹುಡುಗಿಯ ತಲೆಗೆ ಬರುತ್ತದೆ. ಮನೆಯವರೆಗೂ ಹಿಡಿದುಕೊಂಡೇ ಬಂದೆ. ದಾರಿ ಇಳಿಜಾರು.

ಸುರಂಗದಿಂದ ಮೇಲೆ ಬಂದು ಹುಲ್ಲಿನ ಮೇಲೆ ಕುಳಿತಾಗ ಶ್ರೀವಾಣಿ ತಾನಾಗಿಯೇ ಹೇಳಿದಳು, ತಾನು ಈ ವಿದ್ಯೆಗೆ ಬಂದದ್ದು ಹೇಗೆ ಎಂದು. "ನಮ್ಮ ಮನಿ ಕಂಬದ ಮ್ಯಾಲ ಮೂರು ಮಂದಿ ಕೋಲಾಟದ ಹುಡುಗ್ಯಾರು ಇದ್ರಲ್ಲ ಅಜ್ಜಿ. ದಿನಾ ಕುಂಕುಮ ಹಚ್ಚತಿದ್ದೆ. ಒಂದು ದಿನ ಸಾಲಿಂದ ಬಂದು ನೋಡ್ತೀನಿ, ಒಬ್ಬಾಕಿ ಕೈ ಇಲ್ಲ, ಕೋಲೂ ಇಲ್ಲ. ಯಾರೋ ಟೂರಿಸ್ಟರು ಮುರದು ಹೋದ್ರು ಅಂತ ನೀವ ಹೇಳಿದ್ರಿ. ಅವತ್ತ ಅನಕೊಂಡೆ, ದೊಡ್ಡಾಕಿ ಆದಮ್ಯಾಲ ಇಂಥವರನ್ನ ಹಿಡದು ನಿಲ್ಲಸ್ತೀನಿ ಅಂತ."

ಹೆಲ್ಗಾ ಹುಲ್ಲು ಕೀಳುತ್ತಿದ್ದಳು. ತಲೆ ಎತ್ತಲಿಲ್ಲ.

೧೪ ಮೇ

ಕಾಲು ನೋವು, ಹೊರಗೆ ಹೋಗಲಿಲ್ಲ. ಶ್ರೀವಾಣಿ ಕಾಲೇಜಿಗೆ. ಹೆಲ್ಗಾ ಮೆಟ್ಟಿಲು ತಡವುತ್ತ ಮೇಲೆ ಬಂದು ಚಹಾ ಇಟ್ಟು ಹೋದಳು. ಸಪ್ಪಗಿತ್ತು. ಇಲ್ಲಿನ ಹಾಲಿನಲ್ಲಿ ಸತ್ವವಿಲ್ಲ.

೧೬ ಮೇ, ಗುರುವಾರ

ಹೆಲ್ಗಾ ಇಂದು ಕಣ್ಣಿನ ಆಸ್ಪತ್ರೆಗೆ ಹೋಗಿದ್ದರು, ಶ್ರೀವಾಣಿ ಜೊತೆಗೆ. ನಾನು ಕೆಳಗಿಳಿದು ಕೆಲಸದ ಕೋಣೆಗೆ ಹೋದೆ. ಕದ್ದು ಹೋದೆ ಎಂದು ಬರೆಯುವುದಿಲ್ಲ. ಬಾಗಿಲು ತೆರೆದಿತ್ತು.

ಮೇಜಿನ ಮೇಲೆ ಆ ಹಾಳೆ ಹಾಸಿತ್ತು. ನಾಲ್ಕು ಮೂಲೆಗೆ ನಾಲ್ಕು ಕಲ್ಲು ಹೇರಿತ್ತು.

ಮೊದಲಿಗೆ ಕಂಬಗಳು ಕಂಡವು, ಕಪ್ಪು. ಆಮೇಲೆ ಕೆಂಪು. ಕೆಂಪು ಗೆರೆಗಳನ್ನು ಬೆರಳಿನಿಂದ ಹಿಂಬಾಲಿಸಿದೆ. ಇದು ಒಲೆ. ಎರಡು ಒಲೆ ಮತ್ತು ಪಕ್ಕದಲ್ಲಿ ಒಂದು ಸಣ್ಣ ಕೋಡೊಲೆ. ಇದು ಒರಳು, ಗುಂಡು ಸಹಿತ. ತುಳಸಿಕಟ್ಟೆ. ನೀರಿನ ಹಂಡೆ ಇಡುತ್ತಿದ್ದ ಕಟ್ಟೆ, ಅದರ ಒಡೆದ ಅಂಚು ಕೂಡ. ತೊಟ್ಟಿಲು ಕಟ್ಟುತ್ತಿದ್ದ ಕೊಂಡಿ. ಅಚ್ಯುತ ಓದಲು ಕೂರುತ್ತಿದ್ದ ಗೂಡು. ದೇವರ ಮಾಡದ ಮುಂದೆ ನೆಲದಲ್ಲಿ ಒಂದು ಸಣ್ಣ ಚೌಕ ಬರೆದಿದ್ದಾರೆ. ಅದು ನಾನು ದಿನಾ ರಂಗೋಲಿ ಹಾಕುತ್ತಿದ್ದ ಜಾಗ. ಪ್ರತಿಯೊಂದಕ್ಕೂ ಅಳತೆ, ಪ್ರತಿಯೊಂದರ ಪಕ್ಕ ಕನ್ನಡದಲ್ಲಿ ಹೆಸರು.

ಹದಿಮೂರು ವರ್ಷ ಈ ಹಾಳೆಯನ್ನು ಶಪಿಸಿದ್ದೇನೆ. ನಮ್ಮ ಮನೆ ಈಗ ಜಗತ್ತಿನಲ್ಲಿ ಬೇರೆ ಎಲ್ಲೂ ಇಲ್ಲ.

ಖಾಲಿ ಮೂಲೆ ಯಾವುದೆಂದು ನೋಡಿದೆ. ಅಡುಗೆಮನೆಯ ಉತ್ತರದ ಮೂಲೆ. ಕೋಲಾಟದ ಕಂಬ ಇರುವ ಮೂಲೆ. ಆ ಕಂಬದ ಗುರುತು ಅರ್ಧಕ್ಕೆ ನಿಂತಿದೆ, ಮುಂದೆ ಬಿಳೀ ಹಾಳೆ.

ಅಲ್ಲಿ ಒಂದು ಗೋಡೆ ಇತ್ತು. ೨೦೧೦ರ ದೀಪಾವಳಿಯ ಮೊದಲು ಎಬ್ಬಿಸಿದ್ದು. ನಮ್ಮ ಯಜಮಾನರು ಆಗ ಉಸಿರಿನ ಕಾಯಿಲೆ ಹೆಚ್ಚಾಗಿ ಮಲಗಿದ್ದರು. ಒಲೆಯ ಹೊಗೆ ನೇರ ಹಾಸಿಗೆಗೆ ಹೋಗುತ್ತಿತ್ತು. ಗೋಡೆ ಹಾಕಿ ಒಂದು ಬಾಗಿಲು ಕೂರಿಸಲು ಕಮಲಾಪುರದ ಗಾರೆಯ ಗುಡ್ಡಪ್ಪನನ್ನು ಕರೆಸಿದೆ. ಚೌಕಟ್ಟು ಕಂಬಕ್ಕೆ ಹತ್ತಿ ಕೂರಲಿಲ್ಲ, ಕೋಲಾಟದ ಹುಡುಗಿಯೊಬ್ಬಳ ಕಲ್ಲಿನ ಕೈ ಅಡ್ಡ ಬಂತು. ಗುಡ್ಡಪ್ಪ ಉಳಿ ಕೆಳಗಿಟ್ಟು, "ಅಮ್ಮಾರ, ಇದು ನನ್ನ ಕೈಲಿ ಆಗಂಗಿಲ್ರಿ, ಹಳೇ ಕೆಲಸ" ಎಂದ. ಅಳತೆ ಮಾಡುತ್ತಿದ್ದ ಹೆಲ್ಗಾ ಓಡಿ ಬಂದು, "ಅಕ್ಕಾರ ಕಡಿಬ್ಯಾಡ್ರಿ, ಬ್ಯಾರೆ ಕಡೆ ಬಾಗಿಲು ಇಡೋಣು, ನಾನು ತೋರಸ್ತೀನಿ" ಎಂದರು. ಇದು ನನ್ನ ಮನೆ ಎಂದೆ. ಉಳಿ ಕೈಗೆ ತೆಗೆದುಕೊಂಡೆ. ಗುಡ್ಡಪ್ಪ ಹೊಡೆಯಲಿಲ್ಲ. ಹೊಡೆದವಳು ನಾನು.

ಇದನ್ನು ಇಂದಿನವರೆಗೆ ಎಲ್ಲೂ ಹೇಳಿಲ್ಲ, ಬರೆದೂ ಇಲ್ಲ.

೧೭ ಮೇ

ಏನೂ ಇಲ್ಲ.

೧೮ ಮೇ, ಶನಿವಾರ

ಹುಡುಗಿಗೆ ಹೇಳಿದರೆ ಏನಾಗುತ್ತದೆ? ಅಜ್ಜಿ ಎಂದರೆ ಅವಳಿಗೆ ತಪ್ಪದ ಮಾತು, ತಪ್ಪದ ನಡೆ. ನಾನೇ ಹಾಗೆ ಬೆಳೆಸಿದ್ದು. ಹೇಳದಿದ್ದರೆ ಹಾಳೆ ಮುಗಿಯುವುದಿಲ್ಲ, ಅವಳ ವರ್ಷ ಹೋಗುತ್ತದೆ. ಸುಮ್ಮನೆ ಅಲ್ಲಿ ಏನೂ ಇರಲಿಲ್ಲ ಎಂದುಬಿಟ್ಟರೆ? ನಂಬುತ್ತಾಳೆ. ನನ್ನ ಮಾತನ್ನು ಅವಳು ಯಾವಾಗಲೂ ನಂಬಿದ್ದಾಳೆ. ಅದೇ ಕಷ್ಟ.

ಮಧ್ಯಾಹ್ನ ಚಿತ್ರಾನ್ನ ಮಾಡಿದೆ, ಮೂವರಿಗೂ. ಹೆಲ್ಗಾ ಎರಡು ಸಲ ಹಾಕಿಸಿಕೊಂಡರು. ಖಾರಕ್ಕೆ ಕಣ್ಣಲ್ಲಿ ನೀರು.

೧೯ ಮೇ, ಭಾನುವಾರ

ಏಕಾದಶಿ. ಊಟದ ಕೆಲಸವಿಲ್ಲ. ಶ್ರೀವಾಣಿ ಓದುತ್ತಿದ್ದಳು. ಹೆಲ್ಗಾ ಹೊಳೆಯ ಕಡೆ ಹೋಗೋಣ ಎಂದರು. ಬಸ್ಸಿನಲ್ಲಿ ನನ್ನ ತೋಳು ಹಿಡಿದುಕೊಂಡು ಬಂದರು.

ಮೊಸೆಲ್ ಎಂದು ಹೊಳೆಯ ಹೆಸರು. ನೀರು ನಮ್ಮ ತುಂಗಭದ್ರೆಯ ಅರ್ಧ, ಬಂಡೆಗಳಿಲ್ಲ, ಸದ್ದಿಲ್ಲ. ರೋಮಿನವರ ಸೇತುವೆ. ಕರಿಕಲ್ಲಿನ ಕಂಬಗಳು ಮಾತ್ರ ಅವರ ಕಾಲದವು, ಮೇಲಿನ ಕಮಾನು, ರಸ್ತೆ ಎಲ್ಲ ಆಮೇಲಿನವು. ಅದರ ಮೇಲೆ ಬಸ್ಸು, ಕಾರು, ಸೈಕಲ್ಲು ಹೋಗುತ್ತಲೇ ಇವೆ. ಇದು ಮಾತ್ರ ನನಗೆ ಮನಸ್ಸಿಗೆ ಬಂತು. ನೋಡಿ ಹೋಗಲು ಇಟ್ಟಿದ್ದಲ್ಲ, ಕೆಲಸ ಮಾಡುತ್ತಿದೆ.

ದಂಡೆಯ ಬೆಂಚಿನ ಮೇಲೆ ಕುಳಿತೆವು. ಕೇಳಿಯೇ ಬಿಟ್ಟೆ.

"ಆ ಮೂಲಿ ಯಾಕ ಖಾಲಿ ಬಿಟ್ರಿ?"

ಅವರು ನೀರು ನೋಡುತ್ತಿದ್ದರು. ಅಥವಾ ನೀರು ಇರುವ ಕಡೆ ತಿರುಗಿದ್ದರು. "ಬರದ್ರ ನಿಮ್ಮ ಮ್ಯಾಲ ಕೇಸು ಆಗ್ತಿತ್ತು. ಹಳೇ ಕಲ್ಲು ಕಡದಾರ ಅಂತ. ಬರೀದಿದ್ರ ಸುಳ್ಳು ಆಗ್ತಿತ್ತು. ನಾನು ಸುಳ್ಳು ನಕ್ಷಿ ಬರದಾಕಿ ಅಲ್ಲ ಅಕ್ಕಾರ. ಅದಕ್ಕ ಖಾಲಿ ಬಿಟ್ಟೆ."

"ಆಫೀಸಿನಾಗ ನಾ ನೋಡಿದ ಹಾಳ್ಯಾಗೂ ಖಾಲಿ ಇತ್ತೇನು?"

"ಅಲ್ಲೂ ಖಾಲಿ. ನೀವು ಕೆಂಪು ನೋಡಿದ್ರಿ, ಬಿಳೇದು ನೋಡಲಿಲ್ಲ."

"ಅವತ್ತ ಹೊಸ್ತಿಲಾಗ ಹೇಳಬೇಕಾಗಿತ್ತು."

"ಹೇಳಾಕ ಬಿಟ್ರೇನು? ಒಂದು ತಾಸು ಬೈದ್ರಿ. ಅರ್ಧ ಮಾತು ನನಗ ತಿಳೀಲೂ ಇಲ್ಲ. ಆಮ್ಯಾಲ ನಿಂಗಕ್ಕನ್ನ ಕೇಳಿ ಅರ್ಥ ಬರಕೊಂಡೆ."

ನನಗೆ ನಗು ಬಂತು, ತಡೆದುಕೊಂಡೆ. ಆದರೆ ಅವರು ನಗುತ್ತಿರಲಿಲ್ಲ.

"ನಿಮ್ಮ ಸಿಟ್ಟು ಪೂರಾ ಸುಳ್ಳಲ್ಲ ಅಕ್ಕಾರ. ನಕ್ಷಿ ಕೇಳಿದ್ರು, ಕೊಟ್ಟೆ. ತಗೊಂಡು ಏನು ಮಾಡ್ತೀರಿ ಅಂತ ಒಂದು ಮಾತು ಕೇಳಲಿಲ್ಲ. ಅಳತಿ ಸರಿ ಇದ್ರ ಸಾಕು, ಉಳಿದದ್ದು ನನ್ನ ಕೆಲಸ ಅಲ್ಲ ಅಂತಿದ್ದೆ. ಆ ಮನ್ಯಾಗ ಹದಿನಾಲ್ಕು ವರ್ಷ ಉಂಡಾಕಿ ನಾನು. ಕೇಳಬೇಕಿತ್ತು."

ಅವರು ತಮ್ಮ ತಪ್ಪನ್ನು ಅಷ್ಟು ಸಲೀಸಾಗಿ ಹೇಳಿದರು. ಪಕ್ಕದಲ್ಲಿ ಯಾರೋ ಬಾತುಗಳಿಗೆ ಬ್ರೆಡ್ಡು ಹಾಕುತ್ತಿದ್ದರು. ನಾನು ನನ್ನ ಸೆರಗಿನ ಅಂಚು ಮಡಿಸುತ್ತ, ಬಿಚ್ಚುತ್ತ ಕುಳಿತಿದ್ದೆ.

"ಹುಡುಗಿಗೆ ನೀವು ಹೇಳಿಲ್ಲ" ಎಂದೆ.

"ಅದು ನಾನು ಹೇಳೋದಲ್ಲ."

೨೧ ಮೇ, ಮಂಗಳವಾರ

ಶ್ರೀವಾಣಿ ಮತ್ತೆ ಕೇಳಲಿಲ್ಲ. ಗುರುಗಳಿಗೆ ಬೇರೆ ವಿಷಯ ಕೊಡಿ ಎಂದು ಬರೆದಿದ್ದಾಳಂತೆ. ನನ್ನ ಕಾಲಿಗೆ ಎಣ್ಣೆ ತಿಕ್ಕಿದಳು. ಎಣ್ಣೆ ತಿಕ್ಕುವಾಗ ಅವಳ ತಲೆಯ ಬೈತಲೆ ಕಾಣುತ್ತಿತ್ತು, ಸೊಟ್ಟ. ಚಿಕ್ಕಂದಿನಲ್ಲಿ ನಾನೇ ತೆಗೆಯುತ್ತಿದ್ದೆ, ನೇರ ಬರುತ್ತಿತ್ತು.

ನಾಡಿದ್ದು ಹೊರಡುವುದು.

೨೨ ಮೇ, ಬುಧವಾರ

ಬೆಳಿಗ್ಗೆ ಪೂಜೆ ಮುಗಿಸಿ ಕೆಳಗೆ ಹೋದೆ. ಇಬ್ಬರೂ ಕೆಲಸದ ಕೋಣೆಯಲ್ಲಿದ್ದರು. ಶ್ರೀವಾಣಿ ಹಾಳೆಗಳನ್ನು ಕಟ್ಟುತ್ತಿದ್ದಳು.

"ಅದನ್ನ ಬಿಚ್ಚು" ಎಂದೆ. "ಪೆನ್ಸಿಲ್ ತಗೋ. ನಾನು ಒಂದ ಸಲ ಹೇಳ್ತೀನಿ, ನಡುವ ಬಾಯಿ ಹಾಕಬ್ಯಾಡ."

ಮೇಜಿನ ಮುಂದೆ ನಿಂತು ಹೇಳಿದೆ. ಕೂರಿ ಎಂದರು, ಕೂರಲಿಲ್ಲ. ಗೋಡೆ ಇತ್ತು, ಇಟ್ಟಿಗೆಯದು, ಮಣ್ಣಿನ ಗಿಲಾವು. ಕಂಬದಿಂದ ಕಂಬಕ್ಕೆ ನಾಲ್ಕು ಮೊಳ, ಒಂದು ಗೇಣು. ಯಾರ ಮೊಳ ಎಂದು ಹೆಲ್ಗಾ ಕೇಳಿದರು. ನನ್ನದು ಎಂದೆ. ಶ್ರೀವಾಣಿ ಟೇಪು ತಂದು ನನ್ನ ಮೊಣಕೈಯಿಂದ ಬೆರಳ ತುದಿಯವರೆಗೆ ಹಿಡಿದಳು. ನಲವತ್ತಮೂರು ಸೆಂಟಿಮೀಟರು. ಬರೆದುಕೊಂಡಳು.

ಆಮೇಲೆ ಚೌಕಟ್ಟು. ಚೌಕಟ್ಟು ಕೂರಲಿಲ್ಲ ಎಂದೆ. ಕಂಬದಲ್ಲಿ ಏನು ಅಡ್ಡ ಬಂತು ಎಂದು ಹೇಳಿದೆ. ಉಳಿ ಯಾರ ಕೈಯಲ್ಲಿತ್ತು ಎಂದು ಹೇಳಿದೆ. ಟೂರಿಸ್ಟರು ಯಾರೂ ಬಂದಿರಲಿಲ್ಲ ಎಂದೆ.

ಪೆನ್ಸಿಲ್ ನಿಂತಿತು.

ನಾನು ಅವಳ ಮುಖ ನೋಡಲಿಲ್ಲ. ಕಿಟಕಿಯಿಂದ ದ್ರಾಕ್ಷಿತೋಟ ನೋಡಿದೆ. ಒಬ್ಬ ಮನುಷ್ಯ ಸಾಲಿನ ನಡುವೆ ಬಗ್ಗಿ ಏನೋ ಕಟ್ಟುತ್ತಿದ್ದ.

"ಎಷ್ಟು ಅಗಲ ಕಡದ್ರಿ?" ಎಂದಳು ಶ್ರೀವಾಣಿ.

"ನಾಲ್ಕು ಬೆರಳು."

"ಆಳ?"

"ಎರಡು."

"ತುಂಡು ಏನಾತು?"

"ಹೊಳಿಗೆ ಹಾಕಿದೆ. ನಾನ ಹೋಗಿ ಹಾಕಿದೆ."

ಅವಳು ಕೈಹಿಂಬದಿಯಿಂದ ಮೂಗು ಒರೆಸಿಕೊಂಡು ಬರೆದಳು. ಅಕ್ಷರ ಮಾತ್ರ ಸರಿಯಾಗಿ ಬರೆದಳು, ನೋಡಿದೆ. ಕೆಂಪು ಗೆರೆ ಕಂಬದಿಂದ ಹೊರಟು ಬಿಳಿಯ ಮೇಲೆ ಹೋಗಿ ಆಚೆ ಕಂಬ ಮುಟ್ಟಿತು. ಪಕ್ಕದಲ್ಲಿ "ನಂತರದ ಗೋಡೆ, ೨೦೧೦" ಎಂದು ಬರೆಯತೊಡಗಿದಳು.

"ಗೋಡೆ ತಾನ ಎದ್ದು ಬಂತೇನು?" ಎಂದೆ. "ಹಂಪ್ಯಾಗ ಯಾವ ಕಲ್ಲಿನ ಮ್ಯಾಲ ನೋಡು, ಕಟ್ಟಿಸಿದವರ ಹೆಸರು ಇರ್ತದ. ಬರಿ. ತುಂಗಾಬಾಯಿ, ಗೋಪೀನಾಥಾಚಾರ್ಯರ ಹೆಂಡತಿ. ಕಂಬ ಕೆಡಿಸಿದಾಕಿನೂ ಆಕಿನ ಅಂತ ಬರಿ."

"ಅಜ್ಜಿ, ಅಷ್ಟು ಬ್ಯಾಡ್ರಿ."

"ಬರಿ ಅಂದ್ರ ಬರಿ."

ಹೆಲ್ಗಾ ಮೆಲ್ಲಗೆ, "ಯಾಕ ಕಟ್ಟಿಸಿದ್ರಿ ಅಂತನೂ ಬರೀಲಿ ಅಕ್ಕಾರ. ಹೊಗಿ, ಯಜಮಾನರ ಉಸಿರು..." ಎಂದರು.

"ಅದು ಬ್ಯಾಡ. ಕಾರಣ ಎಲ್ಲರಿಗೂ ಇರ್ತಾವ."

ಅವರು ಒತ್ತಾಯ ಮಾಡಲಿಲ್ಲ. ಭೂತಗನ್ನಡಿ ಹಿಡಿದು, ತಲೆ ಓರೆ ಮಾಡಿ, ಹಾಳೆಯನ್ನು ಕಣ್ಣಂಚಿನಿಂದ ನೋಡಿದರು. ಬೆರಳಿನಿಂದ ಹೊಸ ಗೆರೆ ತಡವಿದರು. ಗೋಡೆಯ ಆಚೆ ಇನ್ನೂ ಒಂದು ಅಂಗೈಯಷ್ಟು ಬಿಳಿ ಉಳಿದಿತ್ತು.

"ಇಲ್ಲಿ ಏನಿತ್ತು?" ಎಂದು ಕೇಳಿದರು.

ನಾನು ಆಗ ಕುಳಿತೆ. ಕಾಲು ನೋಯುತ್ತಿತ್ತು.

"ಅವರ ಮಂಚ" ಎಂದೆ. "ನಾಲ್ಕು ಮೊಳ ಉದ್ದ. ಗೋಡಿಗೆ ಹತ್ತಿ ಇತ್ತು. ತಲಿ ದಕ್ಷಿಣಕ್ಕ."

ಶ್ರೀವಾಣಿ ನನ್ನ ಕೈ ಎತ್ತಿ ಮೇಜಿನ ಮೇಲೆ ಇಟ್ಟುಕೊಂಡು ಇನ್ನೊಮ್ಮೆ ಅಳೆದಳು. ಮೊದಲ ಸಲವೇ ಸರಿಯಾಗಿ ಅಳೆದಿದ್ದಳು. ಆದರೂ ಅಳೆದಳು, ನಾನು ಬಿಟ್ಟೆ.